ಅಂಗಳದಲ್ಲಿ ಬೈಕ್ ಬಿಚ್ಚುವ ಮುನ್ನ

ಆಯಿಲ್ ಬದಲಿಸಲು ಕೂತವರೆಲ್ಲ ಆಯಿಲ್ ಬದಲಿಸಿಯೇ ಏಳುತ್ತಾರೆ ಎಂದೇನಿಲ್ಲ. ಎಂಜಿನ್ನಿನ ಅಡಿಯಲ್ಲಿ ಹಳೆ ಆಯಿಲ್ ಇಳಿಸಲು ಇರುವ ಡ್ರೈನ್ ಬೋಲ್ಟಿನ ಪಿರಿ (ಸುರುಳಿ ಗೆರೆ) ಕಿತ್ತುಹೋಗಿ, ಬೈಕನ್ನು ಪಿಕಪ್‌ಗೆ ಹೇರಿ ಲೇತ್ ವರ್ಕ್‌ಶಾಪಿಗೆ ಒಯ್ದವರು ಕಾಸರಗೋಡಿನ ಕುಂಬಳೆಯಲ್ಲೂ ಸಿಗುತ್ತಾರೆ, ಮುಳ್ಳೇರಿಯದಲ್ಲೂ ಸಿಗುತ್ತಾರೆ. ಮನೆ ರಿಪೇರಿಯಲ್ಲಿ ಹೊಸ ಭಾಗ ಕೂರಿಸುವಾಗ ಎಡವಟ್ಟಾಗುವುದು ಕಡಿಮೆ. ಹಳೆಯದನ್ನು ಬಿಚ್ಚುವಾಗಲೇ ಹೆಚ್ಚು. ಹಾಗಾಗಿ ಈ ಲೇಖನದ ಮುಕ್ಕಾಲು ಪಾಲು ಬಿಚ್ಚುವುದರ ಬಗ್ಗೆಯೇ.

ದಿನ ನೋಡಿ ಕೂರಿ

ಹರತಾಳ ಘೋಷಣೆಯಾದರೆ ನಮ್ಮ ಕಡೆ ಹಲವರಿಗೆ ಮೊದಲು ನೆನಪಾಗುವುದು ಮೂಲೆಯಲ್ಲಿ ನಿಂತ ಬೈಕ್. ಬಸ್ಸಿಲ್ಲ, ಆಫೀಸಿಲ್ಲ, ಇಡೀ ದಿನ ನಮ್ಮದೇ. ಆದರೆ ಅವತ್ತು ಸ್ಪೇರ್ ಪಾರ್ಟ್ಸ್ ಅಂಗಡಿಯೂ ಇಲ್ಲ, ಲೇತೂ ಇಲ್ಲ. ಐದು ರೂಪಾಯಿಯ ವಾಷರ್ ಒಂದು ಹರಿದರೂ ಬಿಚ್ಚಿದ ಬೈಕ್ ಮರುದಿನದವರೆಗೆ ಹಾಗೇ ಬಿದ್ದಿರಬೇಕು. ಭಾನುವಾರ ಮಧ್ಯಾಹ್ನದ್ದೂ ಇದೇ ಪಾಡು. ಅಂಗಡಿ ತೆರೆದಿರುವ ದಿನ, ಬೆಳಿಗ್ಗೆಯೇ ಶುರು ಮಾಡಿ. ವಾಷರ್, ಗ್ಯಾಸ್ಕೆಟ್, ಆಯಿಲ್ ಎಲ್ಲವನ್ನೂ ತಂದಿಟ್ಟುಕೊಂಡ ಮೇಲೆಯೇ ಸ್ಪ್ಯಾನರ್ ಮುಟ್ಟಿ. ಮನೆಯಲ್ಲಿ ಇನ್ನೊಂದು ಬೈಕ್ ಇದ್ದರೆ ಅದಕ್ಕೆ ಪೆಟ್ರೋಲ್ ಇದೆಯೇ ಎಂದೂ ನೋಡಿಕೊಳ್ಳಿ. ಪೇಟೆಗೆ ಓಡಬೇಕಾಗಿ ಬರುವುದು ಬಹುತೇಕ ಖಚಿತ.

ಜಾಗ ಮುಖ್ಯ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಪುಡಿ ಹಾಸಿದ ಅಂಗಳಕ್ಕೆ ಬಿದ್ದ ಎಂಟು ಎಂ.ಎಂ. ನಟ್ಟನ್ನು ಹುಡುಕಿ ತೆಗೆಯಲು ಸಾಧ್ಯವಿಲ್ಲ. ತುಕ್ಕಿಗೂ ಆ ಮಣ್ಣಿಗೂ ಒಂದೇ ಬಣ್ಣ. ಜಗಲಿಯಲ್ಲೋ ಶೆಡ್ಡಿನಲ್ಲೋ ಹಳೆ ಬೆಡ್‌ಶೀಟ್ ಹಾಸಿ ಅದರ ಮೇಲೆ ಬೈಕ್ ನಿಲ್ಲಿಸಿ. ಬಿಚ್ಚಿದ್ದನ್ನು ಇಡಲು ಡಬ್ಬಿ ಹುಡುಕಬೇಕಾಗಿಲ್ಲ, ನಾಲ್ಕು ಗೆರಟೆ ಸಾಕು. ಒಂದೊಂದು ಭಾಗದ ಬೋಲ್ಟಿಗೆ ಒಂದೊಂದು ಗೆರಟೆ. ಎಂಜಿನ್ ಕವರಿನ ಬೋಲ್ಟುಗಳಲ್ಲಿ ಉದ್ದ ಗಿಡ್ಡ ಎರಡೂ ಇರುತ್ತವೆ. ಗಿಡ್ಡದರ ಜಾಗಕ್ಕೆ ಉದ್ದದ್ದನ್ನು ಹಾಕಿ ಬಿಗಿದರೆ ತುದಿ ತಳಕ್ಕೆ ತಾಗಿ ಅಲ್ಯೂಮಿನಿಯಂ ಒಡೆಯುತ್ತದೆ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೂತು ಮಾಡಿ, ತೆಗೆದ ಬೋಲ್ಟನ್ನು ಅದೇ ಜಾಗಕ್ಕೆ ಚುಚ್ಚಿಡುವುದು ಹಳೆ ಮೆಕ್ಯಾನಿಕ್‌ಗಳ ಕ್ರಮ. ಮೊಬೈಲ್ ಫೋಟೊಗಿಂತ ಇದೇ ವಾಸಿ.

ಜಾಮ್ ಆದ ಬೋಲ್ಟು

ಕಾಸರಗೋಡಿನ ಬೈಕುಗಳಿಗೆ ತುಕ್ಕು ಮೂರು ದಿಕ್ಕಿನಿಂದ ಬರುತ್ತದೆ. ಮಂಜೇಶ್ವರ, ಉಪ್ಪಳದ ಕಡೆ ಉಪ್ಪುಗಾಳಿ. ಜಿಲ್ಲೆಯ ಎಲ್ಲೆಡೆ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ. ಅಡಕೆ ತೋಟ ಇರುವಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ಮದ್ದು ಬಿಡುವ ಕಾಲದಲ್ಲಿ ಮೈಲುತುತ್ತಿನ ನೀರು ತುಂಬಿದ ಕ್ಯಾನ್ ಹೊತ್ತ ಬೈಕಿನ ಕ್ಯಾರಿಯರ್, ಫುಟ್‌ರೆಸ್ಟ್ ಬೋಲ್ಟುಗಳನ್ನು ನೋಡಿ. ದ್ರಾವಣ ಹದವಾಗಿದೆಯೇ ಎಂದು ನೋಡಲು ಕತ್ತಿ ಅದ್ದುತ್ತೇವಲ್ಲ, ಸುಣ್ಣ ಸಾಲದಿದ್ದರೆ ಕತ್ತಿಗೆ ಕೆಂಪು ತಾಮ್ರ ಅಂಟುತ್ತದೆ. ಆ ತಾಮ್ರ ಅಂಟುವಾಗ ಅಷ್ಟೇ ಕಬ್ಬಿಣ ಕರಗಿರುತ್ತದೆ. ಬೋಲ್ಟಿಗೂ ಅದೇ ಗತಿ.

ಅಲ್ಯೂಮಿನಿಯಂ ಎಂಜಿನ್ನಿನೊಳಗೆ ಸ್ಟೀಲ್ ಬೋಲ್ಟು ಕೂತು, ನಡುವೆ ಉಪ್ಪುನೀರು ಸೇರಿದರೆ ಇನ್ನೂ ಕಷ್ಟ. ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ, ಆ ಪುಡಿ ಬೋಲ್ಟನ್ನು ಹಿಡಿದುಕೊಳ್ಳುತ್ತದೆ. ಇಂಥದ್ದರ ಮೇಲೆ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆದರೆ ತಲೆ ಮಾತ್ರ ಕೈಗೆ ಬರುತ್ತದೆ.

ಕ್ರಮ ಹೀಗೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ. ಇಲ್ಲದಿದ್ದರೆ ಡೀಸೆಲ್ ಆದರೂ ಆದೀತು. ತೆಂಗಿನೆಣ್ಣೆ ಬೇಡ. ನಮ್ಮಲ್ಲಿ ಗಾಯದಿಂದ ಬಾಗಿಲ ತಿರುಗಣಿಯವರೆಗೆ ಎಲ್ಲಕ್ಕೂ ಅದೇ, ಆದರೆ ಅದು ಸಂದಿಗೆ ಇಳಿಯುವಷ್ಟು ತೆಳುವಲ್ಲ, 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯೂ ಆಗುತ್ತದೆ. ಬೆಳಿಗ್ಗೆ ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ಸಣ್ಣ ಸಣ್ಣ ಪೆಟ್ಟು ಕೊಡಿ, ತುಕ್ಕು ಬಿರಿಯಲಿ. ಆಮೇಲೆ ಕೆಟಲ್‌ನಲ್ಲಿ ಕುದಿಸಿದ ನೀರನ್ನು ಬೋಲ್ಟಿನ ಸುತ್ತಲಿನ ಕವರಿನ ಮೇಲೆ ಹೊಯ್ಯಿರಿ. ಒಂದೇ ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಗ್ಯಾಸ್ ಟಾರ್ಚ್ ತರುವ ಹುಮ್ಮಸ್ಸು ಬೇಡ, ಮೇಲೆಯೇ ಪೆಟ್ರೋಲ್ ಟ್ಯಾಂಕ್ ಇದೆ.

ಈಗ ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ ಹಾಕಿ. ಬಾಯಿ ತೆರೆದ ಸ್ಪ್ಯಾನರ್ ಎರಡೇ ಮುಖ ಹಿಡಿಯುವುದರಿಂದ ಮೂಲೆಗಳನ್ನು ತಿಂದುಹಾಕುತ್ತದೆ. ಮೊದಲು ಒಂದಿಷ್ಟು ಬಿಗಿಯುವ ದಿಕ್ಕಿಗೇ ತಳ್ಳಿ, ನಂತರ ಬಿಚ್ಚುವ ದಿಕ್ಕಿಗೆ. ಕಾಲು ಸುತ್ತು ಬಂದ ಕೂಡಲೇ ಖುಷಿಯಲ್ಲಿ ಪೂರ್ತಿ ತಿರುಗಿಸಬೇಡಿ. ಎಣ್ಣೆ ಬಿಟ್ಟು, ಹಿಂದೆ ಮುಂದೆ ಆಡಿಸುತ್ತ ತೆಗೆಯಿರಿ. ಇಷ್ಟಾದರೂ ತುಂಡಾದರೆ, ಕೈ ಡ್ರಿಲ್ಲಿನಿಂದ ಕೊರೆಯಲು ಹೋಗಬೇಡಿ. ಡ್ರಿಲ್ ಬಿಟ್ ಗಟ್ಟಿ ಸ್ಟೀಲಿನಿಂದ ಜಾರಿ ಪಕ್ಕದ ಮೆದು ಅಲ್ಯೂಮಿನಿಯಂ ಕಡೆಗೇ ಹೋಗುತ್ತದೆ. ಲೇತಿನವರಿಗೆ ಬಿಡಿ.

ಪ್ಲಸ್ ಸ್ಕ್ರೂ ಜಾರುವುದೇಕೆ

ಕಾರ್ಬ್ಯುರೇಟರ್, ಕ್ಲಚ್ ಕವರ್, ಬ್ರೇಕ್ ಫ್ಲೂಯಿಡ್ ಡಬ್ಬಿ ಇವುಗಳ ಪ್ಲಸ್ ಸ್ಕ್ರೂ ಮೊದಲ ತಿರುವಿಗೇ ನುಣ್ಣಗಾಗುತ್ತದೆ ಎಂಬುದು ಎಲ್ಲರ ದೂರು. ಜಪಾನ್ ಮೂಲದ ವಿನ್ಯಾಸದ ಬೈಕುಗಳಲ್ಲಿ ಇರುವುದು ಬಹುಪಾಲು ಜಪಾನಿ ಮಾನದಂಡದ ಸ್ಕ್ರೂ. ನಮ್ಮ ಅಂಗಡಿಯಲ್ಲಿ ಸಿಗುವುದು ಫಿಲಿಪ್ಸ್ ಸ್ಕ್ರೂಡ್ರೈವರ್. ಎರಡೂ ನೋಡಲು ಒಂದೇ, ಆದರೆ ಫಿಲಿಪ್ಸ್ ತುದಿ ತಳದವರೆಗೆ ಕೂರುವುದಿಲ್ಲ. ಸ್ಕ್ರೂ ತಲೆಯ ಮೇಲೆ ಸಣ್ಣ ಚುಕ್ಕೆ ಇದ್ದರೆ ಅದು ಜಪಾನಿ. ಅದಕ್ಕೆಂದೇ ಇರುವ ಡ್ರೈವರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಸುತ್ತಿಗೆಯಿಂದ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಒಂದನ್ನೂ ಕೊಂಡಿಡಿ, ಮನೆಯಲ್ಲಿ ರಿಪೇರಿ ಮಾಡುವವರು ಸ್ಪ್ಯಾನರ್ ಸೆಟ್ ಆದ ಮೇಲೆ ಕೊಳ್ಳಬೇಕಾದ್ದು ಇದನ್ನೇ. ಆದರೆ ಅದು ಎಂಜಿನ್ ಕವರಿಗೆ ಮಾತ್ರ. ಕಾರ್ಬ್ಯುರೇಟರಿನ ಮೇಲೆ ಪ್ರಯೋಗಿಸಿದರೆ ಮೆದು ಎರಕ ಒಡೆದೀತು.

ಡ್ರೈನ್ ಬೋಲ್ಟು

ಬಿಚ್ಚುವ ದಿಕ್ಕು ಎಲ್ಲರಿಗೂ ಗೊತ್ತು, ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಗ್ಗುವವರೆಗೆ. ಬೋಲ್ಟಿನ ತಲೆ ನೆಲದ ಕಡೆ ಮುಖ ಮಾಡಿದೆ, ನಾವು ಮೇಲಿನಿಂದ ನೋಡುತ್ತಿದ್ದೇವೆ. ಮೇಲಿನಿಂದ ನೋಡಿ ಎಡಕ್ಕೆ ತಿರುಗಿಸಿದರೆ ಅದು ಬಿಗಿಯುತ್ತದೆ. ‘ಭಾರೀ ಟೈಟ್ ಉಂಟು ಮಾರಾಯ’ ಎಂದು ಇನ್ನಷ್ಟು ಜೋರು ಹಾಕಿದಾಗ ಟಕ್ಕೆಂದು ಸಡಿಲವಾಗುತ್ತದಲ್ಲ, ಅದು ಬಿಚ್ಚಿಕೊಂಡದ್ದಲ್ಲ, ಪಿರಿ ಹೋದದ್ದು. ಆದ್ದರಿಂದ ನಿಮ್ಮ ತಲೆ ನೆಲಕ್ಕೆ ತಾಗಿಸಿ, ಬೋಲ್ಟಿನ ಮುಖ ನೋಡಿಯೇ ತಿರುಗಿಸಿ.

ಎಂಜಿನನ್ನು ಎರಡು ಮೂರು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಮೇನ್ ಸ್ಟ್ಯಾಂಡ್ ಹಾಕಿ, ಕೆಳಗೆ ತಟ್ಟೆಯಿಡಿ. ಕೂರಿಸುವಾಗ ವಾಷರ್ ಹೊಸದು ಹಾಕಿ. ಮೊದಲ ಸುತ್ತುಗಳೆಲ್ಲ ಬೆರಳಿನಲ್ಲೇ ಆಗಬೇಕು. ಬೆರಳಿಗೆ ಬಗ್ಗದ್ದು ವಾಲಿ ಕೂತಿದೆ ಎಂದರ್ಥ, ತೆಗೆದು ಮತ್ತೆ ಹಾಕಿ. ಸ್ಪಾರ್ಕ್ ಪ್ಲಗ್ಗಿಗೂ ಇದೇ ನಿಯಮ. ಕೊನೆಯ ಬಿಗಿತ ಎಷ್ಟೆಂದು ನಿಮ್ಮ ಬೈಕಿನ ಸರ್ವಿಸ್ ಪುಸ್ತಕ ಹೇಳುತ್ತದೆ. 100 ಸಿಸಿಯ ಬೈಕುಗಳಲ್ಲಿ ಅದು 25 ನ್ಯೂಟನ್ ಮೀಟರಿನ ಆಸುಪಾಸು, ಅಂದರೆ ಒಂದು ಗೇಣು ಉದ್ದದ ಸ್ಪ್ಯಾನರಿನ ತುದಿಗೆ ಹನ್ನೆರಡು ಹದಿಮೂರು ಕೆ.ಜಿ. ಭಾರ ತೂಗಿದಷ್ಟು. ಎರಡು ಕೈ ಹಾಕಿ ಮುಕ್ಕುವ ಅಗತ್ಯ ಖಂಡಿತ ಇಲ್ಲ.

ಪಿರಿ ಹೋಗಿದ್ದರೆ ಟೆಫ್ಲಾನ್ ಟೇಪ್ ಸುತ್ತಿಯೋ ಎಪಾಕ್ಸಿ ಮೆತ್ತಿಯೋ ಪಾರಾಗಲು ನೋಡಬೇಡಿ. ಓಡುವಾಗ ಬೋಲ್ಟು ಉದುರಿದರೆ ಆಯಿಲ್ ಹೋಗುವುದು ಹಿಂದಿನ ಚಕ್ರಕ್ಕೆ. ತೂತನ್ನು ಕೊರೆದು ಹೆಲಿಕಾಯಿಲ್ ಎಂಬ ಸ್ಟೀಲ್ ಸುರುಳಿ ಕೂರಿಸಿದರೆ ಮೊದಲಿಗಿಂತ ಗಟ್ಟಿಯಾಗುತ್ತದೆ.

ಆಯಿಲ್ ಡಬ್ಬಿಯ ಮೇಲೆ ಜೆ.ಎ.ಎಸ್.ಒ. ಎಂ.ಎ. ಅಥವಾ ಎಂ.ಎ. 2 ಎಂದು ಇದೆಯೇ ನೋಡಿ, ಇದು ಬೈಕಿನ ಆಯಿಲಿಗೆ ಇರುವ ಜಪಾನಿ ಮಾನದಂಡ. ಬೈಕಿನ ಕ್ಲಚ್ ಆಯಿಲಿನಲ್ಲೇ ಮುಳುಗಿರುತ್ತದೆ. ಕಾರಿನ ಉಳಿಕೆ ಆಯಿಲ್ ಹಾಕಿದರೆ ಏರು ರಸ್ತೆಯಲ್ಲಿ ಕ್ಲಚ್ ಜಾರಬಹುದು.

ಸಣ್ಣಪುಟ್ಟ ಕಿರಿಕಿರಿ

ಬ್ಯಾಟರಿ ಟರ್ಮಿನಲ್ಲಿನ ಚೌಕ ನಟ್ಟು ಬೋಲ್ಟಿಗೆ ಸಿಗದೆ ಒಳಗೊಳಗೇ ಕುಸಿಯುತ್ತದೆ. ನಟ್ಟಿನ ಅಡಿಗೆ ಸ್ಪಂಜಿನ ತುಂಡೊಂದನ್ನು ತುರುಕಿದರೆ ಅದು ಎತ್ತಿ ಹಿಡಿಯುತ್ತದೆ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್.

ಚೈನ್ ಲಾಕಿನ ಕ್ಲಿಪ್ ತೆಗೆಯುವಾಗ ಮೇಲೆ ಬಟ್ಟೆ ಹಿಡಿಯಿರಿ, ಹಾರಿದರೆ ಸಿಗುವುದಿಲ್ಲ. ಹಾಕುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲಿ.

ಯಮಹಾ ಬೈಕಿನ ಬಲಗನ್ನಡಿಯ ಪಿರಿ ಉಲ್ಟಾ. ಗೊತ್ತಿಲ್ಲದೆ ಎಡಕ್ಕೆ ತಿರುಗಿಸುತ್ತ ಹೋದರೆ ಲಿವರಿನ ಹಿಡಿಕೆಯೇ ಸೀಳೀತು.

ಕಾರ್ಬ್ಯುರೇಟರಿನ ಏರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಹೋಯಿತೆಂದು ಗೋಡೆಯ ಮೇಲಾದರೂ ಬರೆದಿಡಿ. ಈ ಕೆಲಸ ಸಂಜೆಗೆ ಇಟ್ಟುಕೊಳ್ಳಬೇಡಿ, ಬಚ್ಚಲ ಒಲೆ ಉರಿಯುವ ಹೊತ್ತಿನಲ್ಲಿ ಪಕ್ಕದ ಶೆಡ್ಡಿನಲ್ಲಿ ಪೆಟ್ರೋಲ್ ಬಗ್ಗಿಸುವುದು ಅಪಾಯ. ಬ್ರೇಕ್ ಫ್ಲೂಯಿಡ್ ಟ್ಯಾಂಕಿನ ಮೇಲೆ ಬಿದ್ದರೆ ಉಜ್ಜಬೇಡಿ, ಕೂಡಲೇ ನೀರು ಹೊಯ್ಯಿರಿ; ಇಲ್ಲದಿದ್ದರೆ ಪೇಂಟ್ ಎದ್ದುಹೋಗುತ್ತದೆ.

ಹಳೆ ಆಯಿಲ್ ಎಲ್ಲಿಗೆ?

ತೋಟದ ಬದಿಗೆ ಚೆಲ್ಲುವುದು ಎಲ್ಲರ ರೂಢಿ. ನಮ್ಮ ಮುರಕಲ್ಲು ತೂತು ತೂತಿನ ಕಲ್ಲು, ಮಳೆನೀರು ಅದರ ಮೂಲಕ ಇಳಿದೇ ಬಾವಿಗೂ, ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಕ್ಕೂ ಬರುವುದು. ಗುಡ್ಡೆಯ ಮೇಲೆ ಚೆಲ್ಲಿದ ಆಯಿಲಿಗೂ ದಾರಿ ಅದೇ. ತಳದಲ್ಲಿ ಸುರಂಗದ ನೀರು ಕುಡಿಯುವ ಮನೆ ಇದ್ದೀತು. ಹೊಸ ಆಯಿಲಿನ ಡಬ್ಬಿ ಖಾಲಿಯಾದ ಕೂಡಲೇ ಹಳೆಯದನ್ನು ಅದಕ್ಕೇ ತುಂಬಿಸಿ, ಮುಚ್ಚಳ ಬಿಗಿದು, ಮುಂದಿನ ಸಲ ಪೇಟೆಗೆ ಹೋಗುವಾಗ ಹಳೆ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಟ್ಟುಬಿಡಿ.