ತಮ್ಮನಿಗೆ ‘ಬೆಟರ್ ಕಾಲ್ ಸಾಲ್’ ಮೊದಲು ತೋರಿಸಿದೆ

ಮೊದಲೇ ಹೇಳಿಬಿಡುತ್ತೇನೆ, ಎರಡೂ ಸೀರಿಯಲ್‌ಗಳ ಕಥೆ ಪೂರ್ತಿ ಬಿಟ್ಟುಕೊಡುತ್ತಿದ್ದೇನೆ. ನೋಡಿಲ್ಲದವರು ನೋಡಿಕೊಂಡು ಬನ್ನಿ.

ನಾನು ನೋಡಿದ್ದು ಅವು ಬಂದ ಕ್ರಮದಲ್ಲೇ. ಮೊದಲು ‘ಬ್ರೇಕಿಂಗ್ ಬ್ಯಾಡ್’, 62 ಕಂತು. 2015ರಲ್ಲಿ ಅದರಲ್ಲಿ ಬರುವ ಲಾಯರ್ ಸಾಲ್‌ನ ಹಿಂದಿನ ಕಥೆ ‘ಬೆಟರ್ ಕಾಲ್ ಸಾಲ್’ ಶುರುವಾಯಿತು. ಅಮೆರಿಕದಲ್ಲಿ ಸೋಮವಾರ ರಾತ್ರಿ ಬಂದರೆ ನಮಗೆ ಮಂಗಳವಾರ. 2022ರ ಆಗಸ್ಟ್‌ವರೆಗೆ ಹಾಗೇ ಕಾದು ಕಾದು 63 ಕಂತು ಮುಗಿಸಿದೆ. ಆಫೀಸಿಗೆ ಹೋಗುವ ಬಸ್ಸಿನಲ್ಲಿ, ಫೋನಿನಲ್ಲಿ.

ನನ್ನ ತಮ್ಮ ಎಲ್‌ಎಲ್‌ಬಿ ಓದುತ್ತಾನೆ. ಡ್ರಗ್ಸ್ ತಯಾರಿಸುವ ಮೇಷ್ಟ್ರ ಕಥೆ ಅಂದರೆ ಅವನಿಗೆ ಬೇಡ. ಲಾಯರ್ ಕಥೆ ಅಂದರೆ ಸೈ. “ಹಾಗಾದ್ರೆ ಸಾಲ್‌ದೇ ಮೊದಲು ಹಾಕಕ್ಕಾ” ಅಂದ. ಇದು ತಪ್ಪು ಕ್ರಮ ಅಂತ ನನಗೆ ಗಟ್ಟಿಯಾಗಿ ಅನ್ನಿಸಿತ್ತು. ಆದರೂ ಏನಾಗುತ್ತೋ ನೋಡೋಣ ಅಂತ ಒಪ್ಪಿದೆ.

ಒಪ್ಪಿದ ಮೇಲೆ ಕೆಲಸ ಜಾಸ್ತಿಯಾಯಿತು. ಸಾಲ್ ಕಥೆ ನೆಟ್ಟಗೆ ಹಿಂದಿನದಲ್ಲ. ಮೊದಲ ಐದು ಸೀಸನ್‌ಗಳೂ ಕಪ್ಪುಬಿಳುಪಿನಲ್ಲಿ ಶುರುವಾಗುತ್ತವೆ. ಅದು ‘ಬ್ರೇಕಿಂಗ್ ಬ್ಯಾಡ್’ ಮುಗಿದ ಮೇಲಿನ ಕಾಲ. ಸಾಲ್ ಒಮಾಹಾದಲ್ಲಿ ಬೇರೆ ಹೆಸರಿಟ್ಟುಕೊಂಡು, ಮೀಸೆ ಬಿಟ್ಟುಕೊಂಡು, ಸಿನಬನ್ ಅನ್ನೋ ಬನ್ ಅಂಗಡಿ ನಡೆಸುತ್ತಿರುತ್ತಾನೆ. ಅಷ್ಟನ್ನೂ ತೋರಿಸದೆ ಮುಂದಕ್ಕೆ ಓಡಿಸಿಬಿಟ್ಟೆ. ಆರನೆಯ ಸೀಸನ್ನಿನ ಶುರುವಿನಲ್ಲಿ ಅವನ ಬಂಗಲೆ ಖಾಲಿ ಮಾಡುವುದಿದೆ, ಅದನ್ನೂ ಓಡಿಸಿದೆ. ಕೊನೆಯ ಸೀಸನ್ನಿನ ಒಂಬತ್ತನೆಯ ಕಂತಿಗೆ ನಿಲ್ಲಿಸಿ, ‘ಬ್ರೇಕಿಂಗ್ ಬ್ಯಾಡ್’ ಪೂರ್ತಿ ನೋಡಿ, ಆಮೇಲೆ ಉಳಿದ ನಾಲ್ಕು ಕಂತಿಗೆ ವಾಪಸ್. ಇದು ನನ್ನ ಲೆಕ್ಕ.

ಒಂದು ಕಡೆ ಎಡವಿದೆ. ನಾಲ್ಕನೆಯ ಸೀಸನ್ನಿನ ಐದನೆಯ ಕಂತಿನ ಶುರುವಿನಲ್ಲೂ ಮುಂದಿನ ಕಾಲ ಇದೆ ಅನ್ನೋದು ಮರೆತೇ ಹೋಗಿತ್ತು. ಸಾಲ್ ಆಫೀಸಿನಲ್ಲಿ ಗಡಿಬಿಡಿಯಿಂದ ಕಾಗದ ಚೂರು ಮಾಡಿಸುತ್ತಾನೆ, ಗೋಡೆ ಒಡೆದು ಪೆಟ್ಟಿಗೆ ತೆಗೆಯುತ್ತಾನೆ. ಬಣ್ಣದಲ್ಲೇ ಇರುವುದರಿಂದ ನನಗೂ ತಟ್ಟನೆ ಹೊಳೆಯಲಿಲ್ಲ. “ಇದ್ಯಾವಾಗ ಆಯ್ತು?” ಅಂದ ತಮ್ಮ. “ಏನೋ ಕನಸು ಬಿಡೋ” ಅಂದೆ. ಲಾಯರ್ ಆಗುವವನು ನಂಬುತ್ತಾನಾ?

ನನ್ನ ಅಭಿಪ್ರಾಯ ಬದಲಾದದ್ದು ಹ್ಯೂಲ್‌ನಿಂದ. ಹ್ಯೂಲ್ ಅಂದರೆ ಸಾಲ್ ಜೊತೆ ಇರುವ ದಡೂತಿ ಆಳು, ಜೇಬಿಗೆ ಕೈ ಹಾಕುವುದರಲ್ಲಿ ನಿಸ್ಸೀಮ. ಮೂರನೆಯ ಸೀಸನ್ನಿನ ಐದನೆಯ ಕಂತು, ವಕೀಲರ ಸಂಘದ ವಿಚಾರಣೆ. ಜಿಮ್ಮಿಯ (ಸಾಲ್‌ನ ಅಸಲಿ ಹೆಸರು ಅದೇ) ಅಣ್ಣ ಚಕ್‌ಗೆ ಕರೆಂಟ್ ಆಗಿಬರುವುದಿಲ್ಲ, ಮೈಯೆಲ್ಲ ಉರಿ ಅನ್ನುತ್ತಾನೆ. ಮೆಟ್ಟಿಲ ಮೇಲೆ ಒಬ್ಬ ದಪ್ಪನೆಯವನು ಅವನಿಗೆ ಸ್ವಲ್ಪ ತಾಗಿಕೊಂಡು ಹೋಗುತ್ತಾನೆ. 2017ರಲ್ಲಿ ಇದನ್ನು ನೋಡಿದ ನಾನು ಬಸ್ಸಿನಲ್ಲೇ “ಅಯ್ಯೋ ಹ್ಯೂಲ್!” ಅಂದಿದ್ದೆ. ಏನೋ ಆಟ ನಡೆದಿದೆ ಅಂತ ಆಗಲೇ ಗೊತ್ತು. ತಮ್ಮನಿಗೆ ಅವನು ಯಾರೋ ದಾರಿಹೋಕ. ಕೊನೆಯಲ್ಲಿ ಜಿಮ್ಮಿ ಜೇಬು ನೋಡಿಕೋ ಅಂದಾಗ ಚಕ್ ಎದೆಯ ಜೇಬಿನಿಂದ ಫೋನಿನ ಬ್ಯಾಟರಿ ಹೊರಬರುತ್ತದೆ. ಅಷ್ಟು ಹೊತ್ತಿನಿಂದ ಅದು ಅಲ್ಲೇ ಇದೆ, ಇವನಿಗೆ ಏನೂ ಆಗಿಲ್ಲ. ತಮ್ಮ ಸೋಫಾದಿಂದ ಎದ್ದು ನಿಂತುಬಿಟ್ಟ. ಆ ಕ್ಷಣ ನನಗೆ ಸಿಕ್ಕಿರಲಿಲ್ಲ. ಹೊಟ್ಟೆಕಿಚ್ಚಾಯಿತು.

ಎರಡು ತಿಂಗಳ ನಂತರ ಅದು ಉಲ್ಟಾ ಆಯಿತು. ‘ಬ್ರೇಕಿಂಗ್ ಬ್ಯಾಡ್’ ನಾಲ್ಕನೆಯ ಸೀಸನ್ನಿನ ಕೊನೆಗೆ ಸಾಲ್ ಆಫೀಸಿನಲ್ಲಿ ಹ್ಯೂಲ್, ಡ್ರಗ್ಸ್ ಮೇಷ್ಟ್ರ ಜೊತೆಗಾರ ಜೆಸ್ಸಿಯ ಮೈ ತಡಕುತ್ತಾನೆ. ನಾನು ಮೊದಲ ಸಲ ನೋಡಿದಾಗ ಕಣ್ಣಿಗೇ ಬಿದ್ದಿರಲಿಲ್ಲ. ತಮ್ಮ ತಟ್ಟೆಯಿಂದ ತಲೆ ಎತ್ತದೆ, “ಏನೋ ಎಗರಿಸಿದ ನೋಡು” ಅಂದ. ವಿಷದ ಸಿಗರೇಟು. ಜೆಸ್ಸಿಗೆ ಅದು ಅರ್ಥವಾಗುವುದು ಮುಂದಿನ ಸೀಸನ್ನಿನಲ್ಲಿ. ನಮ್ಮವನಿಗೆ ಚಪಾತಿ ಮುಗಿಯುವಷ್ಟರಲ್ಲಿ. ಯಾವ ಕಡೆಯಿಂದ ಬಂದರೂ ಒಂದು ಕಳ್ಳತನ ಗೊತ್ತಾಗಿಬಿಡುತ್ತದೆ, ಇನ್ನೊಂದು ಗೊತ್ತಾಗುವುದಿಲ್ಲ.

ಸಾಲ್ ಮೊದಲ ಸಲ ಬರುವ 2009ರ ಕಂತು ಗೊತ್ತಲ್ಲ? ಮುಸುಕು ಹಾಕಿಕೊಂಡ ಮೇಷ್ಟ್ರು ವಾಲ್ಟರ್, ಜೆಸ್ಸಿ ಅವನನ್ನು ಮರುಭೂಮಿಗೆ ಎಳೆದೊಯ್ಯುತ್ತಾರೆ. ನಾನಲ್ಲ, ಇಗ್ನಾಸಿಯೋ ಮಾಡಿದ್ದು ಅಂತ ಕಿರುಚುತ್ತಾನೆ. ನಿಮ್ಮನ್ನು ಕಳಿಸಿದ್ದು ಲಾಲೋ ಅಲ್ವಾ ಅಂತಾನೆ. ಆಗ ಅದು ಬರೀ ತಮಾಷೆ. ಆ ಇಬ್ಬರು ಯಾರು ಅಂತ ಬರೆದವರಿಗೇ ಗೊತ್ತಿರಲಿಲ್ಲ. ಆ ಎರಡು ಹೆಸರು ಹಿಡಿದುಕೊಂಡು ಆಮೇಲೆ ನಾಚೋ (ಅಂದರೆ ಇಗ್ನಾಸಿಯೋ), ಲಾಲೋ ಅನ್ನೋ ಎರಡು ದೊಡ್ಡ ಪಾತ್ರ ಕಟ್ಟಿದರು. ನಾನು ನಗುತ್ತಿದ್ದೆ. ತಮ್ಮ ನಗಲಿಲ್ಲ. “ಪಾಪ, ಇಷ್ಟು ವರ್ಷ ಆದ್ರೂ ಅವನ ಭಯ ಹೋಗಿಲ್ಲ” ಅಂದ. ಡ್ರಗ್ಸ್ ದಂಧೆಯ ದೊಡ್ಡ ಕುಳ ಗಸ್‌ನ ನೆಲದಡಿಯ ಲ್ಯಾಬ್ ಬಂದಾಗಲೂ ಹಾಗೇ. ನಾನು ಹೊಳೆಯುವ ಪಾತ್ರೆ ನೋಡಿದವಳು, ಅವನು ನೆಲ ನೋಡುತ್ತಿದ್ದ. ಲಾಲೋ, ಲಾಯರ್ ಹೊವರ್ಡ್ ಇಬ್ಬರನ್ನೂ ಹೂತಿರುವುದು ಅಲ್ಲೇ ಅಲ್ವಾ!

ನಷ್ಟವೂ ಇದೆ. ಜಿಮ್ಮಿ ಮದುವೆಯಾಗುವ ಲಾಯರ್ ಕಿಮ್ ವೆಕ್ಸ್ಲರ್ ಹಳೆಯ 62 ಕಂತಿನಲ್ಲಿ ಎಲ್ಲೂ ಇಲ್ಲ. ಹಾಗಾಗಿ ಅವಳಿಗೆ ಏನಾಗುತ್ತೋ ಅಂತ ಏಳು ವರ್ಷ ನನಗೆ ಎದೆ ಡವಡವ. ತಮ್ಮನಿಗೆ ಆ ಭಯ ಇರಲೇ ಇಲ್ಲ. ಬದಲಿಗೆ ಸಾಲ್ ಬಂದಾಗಲೆಲ್ಲ “ಕಿಮ್ ಫೋನ್ ಮಾಡಲ್ವಾ?” ಅಂತ ಕೇಳುತ್ತಿದ್ದ. ವಾಲ್ಟರ್ ಅವನಿಗೆ ಕೊನೆವರೆಗೂ ಅಡ್ಡ ಬಂದ ಮನುಷ್ಯ. ಇದು ಮಾತ್ರ ನನಗೆ ಸಹಿಸಲಾಗಲಿಲ್ಲ, ಎರಡು ದಿನ ಜಗಳ. ಎರಡರಲ್ಲೂ ಬರುವ ಗಸ್‌ನ ಬಂಟ ಮೈಕ್ ವಿಷಯಕ್ಕೆ ಜಗಳ ಇಲ್ಲ. ನಟ ಜೋನಾಥನ್ ಬ್ಯಾಂಕ್ಸ್ ಹಳೆಯದರಲ್ಲಿ ಬಂದಾಗ 62, ಆರು ವರ್ಷ ಹಿಂದಿನ ಕಥೆ ಶುರುವಾದಾಗ 68. ತಮ್ಮನ ಪಾಲಿಗೆ ಮೈಕ್ ಹೋಗ್ತಾ ಹೋಗ್ತಾ ಹುಡುಗ ಆದ.

ಈಗ ಯಾರಾದರೂ ಕೇಳಿದರೆ ಬಂದ ಕ್ರಮದಲ್ಲೇ ನೋಡಿ ಅಂತೀನಿ, ಕಿಮ್‌ಗೋಸ್ಕರ. ಆದರೆ ಮೊದಲಿನ ಹಾಗೆ ಗಟ್ಟಿಯಾಗಿ ಹೇಳಲ್ಲ.

ಕೊನೆಯ ನಾಲ್ಕು ಕಂತು ಒಂದೇ ಭಾನುವಾರ ನೋಡಿದೆವು. ಹೆಚ್ಚಿನದೆಲ್ಲ ಕಪ್ಪುಬಿಳುಪು. ಅಮ್ಮ ಹಾಲಿಗೆ ಬಂದು, “ಟೀವಿಗೆ ಏನಾಯ್ತೋ?” ಅಂದರು. ಜೈಲಿನಲ್ಲಿ ಕಿಮ್, ಜಿಮ್ಮಿ ಒಂದೇ ಸಿಗರೇಟು ಹಂಚಿಕೊಳ್ಳುವ ಜಾಗ ಬಂತು. ತಮ್ಮ ಪಾಸ್ ಮಾಡಿ, ಟೀವಿ ಹತ್ತಿರ ಹೋಗಿ ಬೆರಳಿಟ್ಟ. “ಅಕ್ಕಾ, ಬೆಂಕಿಗೆ ಮಾತ್ರ ಬಣ್ಣ ಇದೆ ನೋಡೇ.”

ಬಸ್ಸಿನಲ್ಲಿ ನೋಡಿದಾಗ ನನಗೆ ಅದು ಕಂಡಿರಲೇ ಇಲ್ಲ.