ಸೋಮವಾರ ಸಂಜೆಯ ಚಳಿಜ್ವರ: ಕಸ ವಿಂಗಡಿಸುವವರು ದೂಳಿನಿಂದ ಪಾರಾಗುವುದು ಹೇಗೆ?

ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿ ಹತ್ತಿ ಇಳಿದವರು ಬಿಟ್ಟುಹೋದ ಊಟದ ಪೊಟ್ಟಣಗಳು ಚಿಕ್ಕಮಗಳೂರು ಸುತ್ತಲಿನ ಸ್ವಚ್ಛ ಸಂಕೀರ್ಣಗಳಿಗೆ, ಅಂದರೆ ಪಂಚಾಯಿತಿಗಳ ಕಸ ವಿಂಗಡಿಸುವ ಶೆಡ್ಡುಗಳಿಗೆ, ಬರುವುದು ಸೋಮವಾರ. ಎರಡು ದಿನ ಬಾಯಿ ಕಟ್ಟಿಟ್ಟ ಚೀಲವನ್ನು ಬಿಚ್ಚಿ ಕೊಡವಿದರೆ, ಬಾಗಿಲಿನಿಂದ ಬೀಳುವ ಬಿಸಿಲುಕೋಲಿನಲ್ಲಿ ದೂಳು ತೇಲುವುದು ಕಾಣುತ್ತದೆ. ಅಂದು ಸಂಜೆ ಮೈಕೈ ನೋವು, ಚಳಿ, ಒಣಕೆಮ್ಮು, ಎದೆ ಬಿಗಿತ. ಮರುದಿನ ಏಳುವಷ್ಟರಲ್ಲಿ ಮಾಯ. ಥಂಡಿ ಗಾಳಿಯ ಮೇಲೆ ತಪ್ಪು ಹೊರಿಸಿ ಮತ್ತೆ ಕೆಲಸಕ್ಕೆ ಹೋಗುತ್ತಾರೆ.

ತಪ್ಪು ಹಲವು ಬಾರಿ ದೂಳಿನದು. ಕೊಳೆತ ಕಸದಲ್ಲಿ ಬೆಳೆಯುವ ಗ್ರಾಂ ನೆಗೆಟಿವ್ ಎಂಬ ಬಗೆಯ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ವಿಷವಿದೆ. ಬ್ಯಾಕ್ಟೀರಿಯಾ ಸತ್ತು ಒಡೆದಾಗ ಅದು ದೂಳಿಗೆ ಅಂಟುತ್ತದೆ. ಉಸಿರಿನೊಂದಿಗೆ ಒಳಹೋದ ನಾಲ್ಕರಿಂದ ಎಂಟು ಗಂಟೆಯಲ್ಲಿ ಜ್ವರ ಬರಿಸಬಲ್ಲದು. ಹತ್ತಿಗಿರಣಿಗಳಲ್ಲಿ ಹಿಂದಿನಿಂದಲೂ ‘ಸೋಮವಾರದ ಜ್ವರ’ ಎಂಬ ಮಾತಿದೆ. ರಜೆ ಮುಗಿಸಿ ಬಂದ ದಿನವೇ ಕಾಟ ಹೆಚ್ಚು. ಈ ವಿಷ ಕುದಿಸಿದರೂ ಸಾಯುವುದಿಲ್ಲ. ಪ್ರಯೋಗಾಲಯದ ಗಾಜನ್ನು ಇದರಿಂದ ಬಿಡಿಸಲು 250 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುತ್ತಾರೆ. ಗೊಬ್ಬರದ ಗುಡ್ಡೆ 60 ಡಿಗ್ರಿ ಕಾದರೆ ರೋಗಾಣು ಸತ್ತೀತು, ವಿಷ ಅಲ್ಲೇ ಉಳಿಯುತ್ತದೆ. ಬ್ಲೀಚಿಂಗ್ ಪುಡಿ ಎರಚುವುದೂ ಇದಕ್ಕೆ ಮದ್ದಲ್ಲ. ಅದರ ಘಾಟು ಶ್ವಾಸಕೋಶಕ್ಕೆ ಇನ್ನೊಂದು ಪೆಟ್ಟು.

ಹಾಗಾದರೆ ಮಾಡಬೇಕಾದ್ದು ಇಷ್ಟು.

ಮೊದಲು, ಹಸಿ ಕಸವನ್ನು ಬಂದ ದಿನವೇ ಗೊಬ್ಬರದ ಗುಂಡಿಗೆ ಸೇರಿಸಿ. ನಾಳೆಗೆ ಇಟ್ಟಷ್ಟೂ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಹಳೆಯ ಚೀಲ ಇದ್ದೇ ಇದ್ದರೆ ಮೊದಲು ಅದನ್ನೇ ಬಿಚ್ಚಿ.

ಎರಡನೆಯದು, ಚೀಲವನ್ನು ಕೊಡವಬೇಡಿ. ಮೇಜಿನ ಮೇಲೆ ಮಲಗಿಸಿ, ಪಕ್ಕಕ್ಕೆ ಸೀಳಿ, ಕೈಯಿಂದ ಹರಡಿ. ಅರ್ಧ ದೂಳು ಇಲ್ಲೇ ತಪ್ಪುತ್ತದೆ ಎಂಬುದು ನನ್ನ ಅಂದಾಜು.

ನೆಲ ಗುಡಿಸುವ ಮುನ್ನ ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಿಂದ ನೀರನ್ನು ಮಂಜಿನಂತೆ ಚಿಮುಕಿಸಿ. ತೋಟದೂರಿನಲ್ಲಿ ಆ ಪಂಪಿಗೇನು ಬರ? ಆದರೆ ಕೀಟನಾಶಕ ತುಂಬಿದ್ದ ಪಂಪು ಬೇಡ, ಹೊಸದನ್ನೇ ಇಡಿ. ಜೋರು ಪೈಪು ಬಿಟ್ಟರೆ ಕೆಲಸ ಕೆಟ್ಟಂತೆ: ರಭಸದ ನೀರು ವಿಷವನ್ನು ಹನಿಗಳಲ್ಲಿ ಗಾಳಿಗೆ ಏರಿಸುತ್ತದೆ, ನಿಂತ ನೀರು ಇನ್ನಷ್ಟು ಕೊಳೆಸುತ್ತದೆ. ಗೊಬ್ಬರ ಜರಡಿ ಹಿಡಿಯುವಾಗಲೂ ಇದೇ ಎಚ್ಚರ. ಪೂರ್ತಿ ಒಣಗಿದ ಗೊಬ್ಬರ ಬಹಳ ದೂಳು ಎಬ್ಬಿಸುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ಮಾತ್ರ ಒಸರಬಾರದು.

ಗಾಳಿ ಬೆನ್ನ ಹಿಂದಿನಿಂದ ಬರುವಂತೆ ನಿಲ್ಲಿ, ಎದುರಿನ ಬಾಗಿಲನ್ನೂ ತೆರೆದಿಡಿ.

ಮಾಸ್ಕ್ ಕೊನೆಯದು. ಸೆರಗು ಮುಚ್ಚಿಕೊಂಡರೆ, ಆಸ್ಪತ್ರೆಯ ನೀಲಿ ಮಾಸ್ಕ್ ಹಾಕಿದರೆ ಅಂಚಿನಿಂದ ಗಾಳಿ ನುಸುಳುತ್ತದೆ. ಎನ್95 ಬೇಕು. ಮೂಗಿನ ತಂತಿಯನ್ನು ಎರಡೂ ಕೈಬೆರಳಿನಿಂದ ಒತ್ತಿ, ಅಂಗೈಗಳಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಕೆನ್ನೆಗೆ, ಕಣ್ಣಿಗೆ ಗಾಳಿ ತಾಗಿದರೆ ಸರಿಯಾಗಿ ಕೂತಿಲ್ಲ. ಗಡ್ಡದ ಮೇಲೆ ಇದು ಕೂರುವುದೇ ಇಲ್ಲ. ಒದ್ದೆಯಾದರೆ ಬದಲಿಸಿ, ಒಗೆದು ಮತ್ತೆ ಹಾಕುವ ವಸ್ತು ಇದಲ್ಲ. ಕೈಗವಸು, ಬೂಟು, ಮಾಸ್ಕ್ ಕೊಡಬೇಕಾದವರು ಯಾರೆಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಿತ್ತು. ಸ್ವಂತ ಕೂಲಿಯಿಂದ ಕೊಳ್ಳಬೇಡಿ, ಪಂಚಾಯಿತಿಯಲ್ಲಿ ಲಿಖಿತವಾಗಿ ಕೇಳಿ.

ಅಳತೆಯ ಮಾತು: ನೆದರ್ಲೆಂಡ್ಸ್‌ನ ಆರೋಗ್ಯ ಮಂಡಳಿ 2010ರಲ್ಲಿ ಎಂಟು ಗಂಟೆಯ ಸರಾಸರಿಗೆ ಘನ ಮೀಟರ್ ಗಾಳಿಯಲ್ಲಿ 90 ಎಂಡೋಟಾಕ್ಸಿನ್ ಘಟಕಗಳ ಮಿತಿ ಸೂಚಿಸಿತು. ಅದನ್ನು ಅಳೆಯಲು ಪ್ರಯೋಗಾಲಯ ಬೇಕು. ಶೆಡ್ಡಿನಲ್ಲಿ ಬಿಸಿಲುಕೋಲೇ ಮಾಪಕ. ದೂಳು ಕಂಡರೆ ವಿಷವಿದೆ ಎಂದೇ ತಿಳಿಯಿರಿ. ಕಾಣದಿದ್ದರೆ ಇಲ್ಲ ಎನ್ನುವ ಹಾಗಿಲ್ಲ.

ಮನೆಗೆ ಹೊರಡುವಾಗ ಕೆಲಸದ ಬಟ್ಟೆ ಅಲ್ಲೇ ಬಿಚ್ಚಿಡಿ. ಜ್ವರ ಒಂದು ದಿನ ದಾಟಿದರೆ ದೂಳಿನ ಜ್ವರ ಎಂದು ಕೂರಬೇಡಿ. ಮಲೆನಾಡಿನಲ್ಲಿ ಇಲಿ ಜ್ವರ, ಮಂಗನ ಜ್ವರ ಎರಡೂ ಇವೆ. ವೈದ್ಯರ ಮುಂದೆ ಕೂತಾಗ ಮೊದಲ ಮಾತು ಇದಿರಲಿ: ‘ನಾನು ಕಸ ವಿಂಗಡಿಸುತ್ತೇನೆ.’