ಮಕ್ಕಳಿಗೆ ಗುರುತ್ವಾಕರ್ಷಣೆ ಹೇಳಿಕೊಡುವುದು ಹೇಗೆ? ಮೊದಲು ಬೀಳಿಸಿ, ಹೆಸರು ಆಮೇಲೆ

ಭೂಮಿ ಗುಂಡಗಿದೆ ಅಂತ ಗೊತ್ತಾದ ಮೇಲೆ ಮಕ್ಕಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಹಾಗಿದ್ರೆ ಅದರ ಕೆಳಗಡೆ ಇರೋರು ಬೀಳಲ್ವಾ?" ನಾವು ಸುಮ್ನೆ "ಗುರುತ್ವಾಕರ್ಷಣೆ ಇದೆ, ಅದಕ್ಕೇ ಬೀಳಲ್ಲ" ಅಂದುಬಿಡುತ್ತೇವೆ. ಮಗು ತಲೆಯಾಡಿಸುತ್ತದೆ. ಆದರೆ ಅದಕ್ಕೆ ಸಿಕ್ಕಿದ್ದು ಬಾಯಿಪಾಠ ಮಾಡಲು ಒಂದು ಉದ್ದದ ಪದ, ಅಷ್ಟೇ. ಆ ಪದ ಸ್ವಲ್ಪ ಹೊತ್ತು ಪಕ್ಕದಲ್ಲಿರಲಿ, ಸದ್ಯಕ್ಕೆ "ಭೂಮಿಯ ಸೆಳೆತ" ಅಂದರೆ ಸಾಕು.

ಒಂದೇ ಒಂದು ನಿಯಮ ಇಟ್ಟುಕೊಳ್ಳಿ. ಏನನ್ನೇ ಬೀಳಿಸುವ ಮುಂಚೆ, ಏನಾಗುತ್ತದೆ ಅಂತ ಮಗುವೇ ಹೇಳಬೇಕು. ತಪ್ಪು ಹೇಳಿದರೆ ತಿದ್ದಬೇಡಿ. ಬೀಳಿಸಿದ ಮೇಲೆ ಅದೇ ನೋಡುತ್ತದೆ.

ಒಂದು ದಪ್ಪ ನೋಟ್‌ಬುಕ್ ಮತ್ತು ಒಂದು ಬಿಡಿ ಹಾಳೆ ತಗೊಳ್ಳಿ. ಎರಡನ್ನೂ ಒಂದೇ ಎತ್ತರದಿಂದ ಒಟ್ಟಿಗೆ ಬಿಡಿ. ಪುಸ್ತಕ ಧಡ್ ಅಂತ ಬೀಳುತ್ತದೆ, ಹಾಳೆ ಓಲಾಡುತ್ತಾ ಬರುತ್ತದೆ. "ಭಾರ ಇರೋದು ಬೇಗ ಬೀಳುತ್ತೆ" ಅಂತ ಮಗು ಹೇಳಬಹುದು. ಈಗ ಅದೇ ಹಾಳೆಯನ್ನು ಬಿಗಿಯಾಗಿ ಉಂಡೆ ಮಾಡಿ ಬಿಡಿ. ಹಾಳೆಯ ಭಾರ ಒಂದಿಷ್ಟೂ ಬದಲಾಗಿಲ್ಲ, ಆದರೂ ಈ ಸಲ ಪುಸ್ತಕದ ಜೊತೆಜೊತೆಗೇ ಬಿತ್ತು, ಅಲ್ವಾ? ತಡ ಮಾಡುತ್ತಿದ್ದದ್ದು ಗಾಳಿ ಅಂತ ಮಗುವಿಗೇ ಹೊಳೆಯಲು ಬಿಡಿ. ಹೊಳೆಯದಿದ್ದರೆ ಇನ್ನೊಂದು ಹಾಳೆಯನ್ನು ಪುಸ್ತಕಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಪುಸ್ತಕದ ಮೇಲೆಯೇ ಇಟ್ಟು ಬಿಡಿ. ಅಂಟು ಹಾಕದೆಯೂ ಎರಡೂ ಒಟ್ಟಿಗೆ ಬೀಳುತ್ತವೆ, ಯಾಕೆಂದರೆ ಗಾಳಿಯನ್ನು ಸರಿಸುವ ಕೆಲಸವನ್ನು ಪುಸ್ತಕ ಮಾಡುತ್ತಿದೆ.

ಇಷ್ಟಾದ ಮೇಲೆ ಚಂದ್ರನ ಕಥೆ ಹೇಳಿ. 1971ರ ಆಗಸ್ಟ್ 2ರಂದು ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಗಿಡುಗನ ಗರಿ ಹಿಡಿದು ಎರಡನ್ನೂ ಒಟ್ಟಿಗೆ ಬಿಟ್ಟರು. ಅಲ್ಲಿ ಗಾಳಿ ಇಲ್ಲ. ಎರಡೂ ಒಂದೇ ಸಲ ನೆಲ ಮುಟ್ಟಿದವು. ಅದರ ವಿಡಿಯೋ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಆದರೆ ಮನೆಯಲ್ಲಿ ಹಾಳೆ ಬೀಳಿಸುವ ಮುಂಚೆಯೇ ತೋರಿಸಬೇಡಿ, ಮಜಾ ಹೋಗುತ್ತದೆ.

ಈಗ ಮೊದಲಿನ ಪ್ರಶ್ನೆ. ಒಂದು ಚೆಂಡಿನ ಸುತ್ತ ಚಿಕ್ಕ ಚಿಕ್ಕ ಕಾಗದದ ಗೊಂಬೆಗಳನ್ನು ಅಂಟಿಸಿ, ಎಲ್ಲವುಗಳ ಪಾದವೂ ಚೆಂಡಿನ ಕಡೆಗೇ ಇರಲಿ. ಒಂದೊಂದೇ ಗೊಂಬೆ ತೋರಿಸಿ "ಇವನು ಕಲ್ಲು ಬಿಟ್ರೆ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿ. ಪ್ರತಿಯೊಬ್ಬನಿಗೂ ಕೆಳಗೆ ಅಂದರೆ ಭೂಮಿಯ ನಡುಮಧ್ಯದ ದಿಕ್ಕು. ಅರ್ಜೆಂಟೀನಾದ ಹುಡುಗಿಗೂ ಅವಳ ಕಾಲಡಿಯೇ ಕೆಳಗೆ, ಧಾರವಾಡದ ಹುಡುಗನಿಗೂ ಅಷ್ಟೇ. ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಮುಗಿದ ಹಾಗೆ, ಹಾಗಾಗಿ ಇಲ್ಲಿ ಅವಸರ ಬೇಡ. ಕೆಲವು ಮಕ್ಕಳು "ಹಾಗಾದ್ರೆ ಆಚೆ ಕಡೆವರೆಗೂ ತೂತು ಕೊರೆದು ಕಲ್ಲು ಹಾಕಿದ್ರೆ?" ಅಂತ ಕೇಳುತ್ತಾರೆ. ಚೆನ್ನಾಗಿರುವ ಪ್ರಶ್ನೆ! ಗಾಳಿಯ ಅಡ್ಡಿ ಇಲ್ಲ ಅಂದುಕೊಂಡರೆ ಕಲ್ಲು ನಡುಮಧ್ಯ ದಾಟಿ ಆಚೆ ಬಾಯಿಯ ತನಕ ಹೋಗಿ, ಮತ್ತೆ ವಾಪಸ್ ಬಂದು, ಹೀಗೇ ಹೋಗಿ ಬಂದು ಮಾಡುತ್ತಿರುತ್ತದೆ. ನಿಜವಾಗಿ ಕೊರೆಯುವುದಂತೂ ಆಗದ ಮಾತು. ಮನುಷ್ಯರು ಕೊರೆದ ಅತಿ ಆಳದ ತೂತು ರಷ್ಯಾದ ಕೋಲಾದಲ್ಲಿದೆ, ಅದೇ ಸುಮಾರು 12 ಕಿಲೋಮೀಟರ್. ಭೂಮಿಯ ನಡುವಿಗೆ ಸುಮಾರು 6,370 ಕಿಲೋಮೀಟರ್ ಹೋಗಬೇಕು.

ನನಗೆ ತುಂಬಾ ಇಷ್ಟದ ಪ್ರಯೋಗ ನೀರಿನ ಬಾಟಲಿಯದು. ಬಿಸಾಡುವ ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ಪಕ್ಕದಲ್ಲಿ ಒಂದು ತೂತು ಮಾಡಿ (ಮೊಳೆ ಕಾಯಿಸಿ ಚುಚ್ಚುವ ಕೆಲಸ ದೊಡ್ಡವರದ್ದು), ಬೆರಳಿಂದ ಮುಚ್ಚಿಕೊಂಡು ನೀರು ತುಂಬಿ, ಮುಚ್ಚಳ ಹಾಕಬೇಡಿ. ಬೆರಳು ತೆಗೆದರೆ ನೀರು ಚಿಮ್ಮುತ್ತದೆ, ಅದು ಗೊತ್ತಿರುವುದೇ. ಈಗ ಸ್ಟೂಲ್ ಮೇಲೆ ನಿಂತು, ಬಾಟಲಿಯನ್ನು ಎತ್ತಿ ಹಿಡಿದು, ಹಾಗೇ ಕೈ ಬಿಡಿ. ಅಂಗಳದಲ್ಲೋ ತಾರಸಿಯಲ್ಲೋ ಮಾಡಿ, ಮನೆ ಒಳಗೆ ಮಾಡಿದರೆ ಒರೆಸುವವರು ಬೈಯುತ್ತಾರೆ. ಬೀಳುವಷ್ಟು ಹೊತ್ತು ತೂತಿನಿಂದ ನೀರು ಬರುವುದೇ ಇಲ್ಲ! ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಮೊಬೈಲ್‌ನಲ್ಲಿ ಸ್ಲೋ ಮೋಷನ್ ಹಾಕಿ. ಬಾಟಲಿ ಮತ್ತು ನೀರು ಒಂದೇ ವೇಗದಲ್ಲಿ ಬೀಳುತ್ತಿರುವಾಗ ನೀರಿನ ಭಾರ ಬುಡವನ್ನು ಒತ್ತುವುದಿಲ್ಲ, ಹಾಗಾಗಿ ಹೊರಗೆ ತಳ್ಳುವ ಒತ್ತಡವೂ ಇರುವುದಿಲ್ಲ.

ಇದನ್ನು ನೋಡಿದ ಮಗುವಿಗೆ ಬಾಹ್ಯಾಕಾಶ ನಿಲ್ದಾಣದ ವಿಷಯ ಸುಲಭ. 2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿ ತೇಲಾಡಿದ್ದನ್ನು ಮಕ್ಕಳು ಟಿವಿಯಲ್ಲಿ ನೋಡಿರಬಹುದು. "ಅಲ್ಲಿ ಸೆಳೆತ ಇಲ್ಲ, ಅದಕ್ಕೆ ತೇಲುತ್ತಾರೆ" ಅಂತ ದೊಡ್ಡವರೇ ಹೇಳಿಬಿಡುತ್ತಾರೆ. ತಪ್ಪು. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಅಲ್ಲಿ ಭೂಮಿಯ ಸೆಳೆತ ಇಲ್ಲಿಯದರ ಹತ್ತಿರ ಹತ್ತಿರ ಶೇ. 90ರಷ್ಟು ಇದೆ. ಅವರು ತೇಲುವುದು ಬಾಟಲಿಯೊಳಗಿನ ನೀರಿನ ಹಾಗೆ: ನಿಲ್ದಾಣವೂ ಬೀಳುತ್ತಿದೆ, ಅವರೂ ಬೀಳುತ್ತಿದ್ದಾರೆ. ಹಾಗಾದರೆ ನೆಲಕ್ಕೆ ಯಾಕೆ ಬಡಿಯುವುದಿಲ್ಲ? ಮೈದಾನದಲ್ಲಿ ಚೆಂಡು ಎಸೆದು ತೋರಿಸಿ. ಜೋರಾಗಿ ಎಸೆದಷ್ಟೂ ದೂರ ಹೋಗಿ ಬೀಳುತ್ತದೆ. ನಿಲ್ದಾಣ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ಓಡುತ್ತದೆ, ಅಂದರೆ ಬೆಂಗಳೂರಿನಿಂದ ಮೈಸೂರಿಗೆ 20 ಸೆಕೆಂಡ್ ಸಾಕು. ಆ ಒಂದು ಸೆಕೆಂಡಿನಲ್ಲಿ ಅದು ಸುಮಾರು 4 ಮೀಟರ್ ಕೆಳಗೆ ಬೀಳುತ್ತದೆ, ಅಷ್ಟರಲ್ಲಿ ಭೂಮಿಯ ಮೈಯೂ ಅಷ್ಟೇ ಬಾಗಿರುತ್ತದೆ. ಬೀಳುತ್ತಲೇ ಇರುತ್ತದೆ, ನೆಲ ಸಿಗುವುದೇ ಇಲ್ಲ. ಚಂದ್ರನೂ ನಮ್ಮ ಸುತ್ತ ಹೀಗೆಯೇ ಬೀಳುತ್ತಿದ್ದಾನೆ.

ಹೆಸರು ಹೇಳಲು ಇದು ಸರಿಯಾದ ಹೊತ್ತು. ವಾಟ್ಸಾಪ್ ನೋಡಿದ ಅಜ್ಜ ಈ ಹೊತ್ತಿಗೆ "ನ್ಯೂಟನ್‌ಗಿಂತ ಮುಂಚೆ ನಮ್ಮವರೇ ಕಂಡುಹಿಡಿದಿದ್ರು" ಅನ್ನಬಹುದು. ಎರಡನ್ನೂ ಹೇಳಿ. ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯಲ್ಲಿ, ಭೂಮಿಗೆ ಸೆಳೆಯುವ ಶಕ್ತಿ ಇದೆ ಅಂತ ಬರೆದಿದ್ದು ನಿಜ. ಕಲ್ಲನ್ನು ಬೀಳಿಸುವ ಸೆಳೆತವೇ ಚಂದ್ರನನ್ನೂ ಹಿಡಿದಿದೆ ಅಂತ ಲೆಕ್ಕ ಹಾಕಿ, ದೂರ ಎರಡರಷ್ಟಾದರೆ ಸೆಳೆತ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ನಿಯಮವನ್ನು 1687ರಲ್ಲಿ ಪ್ರಕಟಿಸಿದ್ದು ನ್ಯೂಟನ್. ಎರಡನೆಯದು ಬೇರೆಯೇ ಮಟ್ಟದ ಕೆಲಸ.

ಮಕ್ಕಳ ತಲೆಯಲ್ಲಿ ಉಳಿಯುವ ಗೊಂದಲ ಮೂರು. ಗಾಳಿ ಒತ್ತುವುದರಿಂದ ಬೀಳುತ್ತೇವೆ ಅನ್ನುವುದು ಒಂದು. ಗಾಳಿಯೇ ಇಲ್ಲದ ಚಂದ್ರನಲ್ಲೂ ಸ್ಕಾಟ್ ಸುತ್ತಿಗೆ ಬಿತ್ತಲ್ಲ? ಅಲ್ಲಿ ಸೆಳೆತ ನಮ್ಮದರ ಆರನೇ ಒಂದು ಭಾಗ, ಇಲ್ಲಿ 24 ಕೆಜಿ ತೂಗುವ ಮಗುವಿಗೆ ಅಲ್ಲಿ ತೂಕದ ಯಂತ್ರ 4 ಕೆಜಿ ತೋರಿಸುತ್ತದೆ, ಆದರೆ ಮಗು ಮಾತ್ರ ಸಣ್ಣಗಾಗಿರುವುದಿಲ್ಲ. ಇನ್ನೊಂದು, ಭೂಮಿ ತಿರುಗುವುದರಿಂದ ಸೆಳೆತ ಅನ್ನುವುದು. ತಿರುಗುವುದರಿಂದ ನಮ್ಮ ತೂಕ ಚೂರು ಕಡಿಮೆಯೇ ಆಗುತ್ತದೆ. ಮತ್ತೊಂದು, ಭೂಮಿ ಎಳೆಯುವುದು ಆಯಸ್ಕಾಂತದ ಹಾಗೆ ಅನ್ನುವುದು. ಆಯಸ್ಕಾಂತ ಕಬ್ಬಿಣದ ಮೊಳೆಯನ್ನು ಎಳೆಯುತ್ತದೆ, ರಬ್ಬರನ್ನು ಎಳೆಯುವುದಿಲ್ಲ. ಭೂಮಿ ಎಲ್ಲವನ್ನೂ ಎಳೆಯುತ್ತದೆ.

"ಯಾಕೆ ಎಳೆಯುತ್ತೆ?" ಅಂತ ಕೇಳಿದರೆ, ದ್ರವ್ಯ ಇರುವ ಪ್ರತಿಯೊಂದೂ ಇನ್ನೊಂದನ್ನು ಸೆಳೆಯುತ್ತದೆ, ಭೂಮಿ ನಿನ್ನನ್ನು ಎಷ್ಟು ಎಳೆಯುತ್ತದೋ ನೀನೂ ಭೂಮಿಯನ್ನು ಅಷ್ಟೇ ಎಳೆಯುತ್ತೀಯ ಅನ್ನಿ. ಮಕ್ಕಳಿಗೆ ಇದು ಸಖತ್ ಖುಷಿ ಕೊಡುತ್ತದೆ. ಭೂಮಿ ಅಷ್ಟು ದೊಡ್ಡದಾದ್ದರಿಂದ ಅಲುಗಾಡಿದ್ದು ಗೊತ್ತಾಗುವುದಿಲ್ಲ, ಅಷ್ಟೇ. ಐನ್‌ಸ್ಟೈನ್ 1915ರಲ್ಲಿ ಹೇಳಿದ, ಜಾಗ ಮತ್ತು ಕಾಲವೇ ಬಾಗುತ್ತವೆ ಎಂಬ ಉತ್ತರ ಹೈಸ್ಕೂಲಿಗೆ ಇರಲಿ. ಅದಕ್ಕೆ ಬೆಡ್‌ಶೀಟ್ ಎಳೆದು ಹಿಡಿದು ನಡುವೆ ಭಾರದ ಚೆಂಡು ಇಟ್ಟು ತೋರಿಸುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಚೆಂಡು ಬೆಡ್‌ಶೀಟನ್ನು ಒತ್ತುವುದೇ ಭೂಮಿಯ ಸೆಳೆತದಿಂದ, ಚುರುಕಾದ ಮಗು ಅದನ್ನೇ ಹಿಡಿದು ಕೇಳುತ್ತದೆ.